ಮೋರ್ಸ್ ಕಲಿಸುವ ಆ್ಯಪ್: ಎರಡು ಮಳೆಗಾಲ ಬಳಸಿದ ಮೇಲೆ

ಮೋರ್ಸ್ ಎಂದರೆ ಚುಕ್ಕೆ, ಗೀಟು ಎಂಬ ಗಿಡ್ಡ ಮತ್ತು ಉದ್ದ ಸದ್ದುಗಳಲ್ಲಿ ಸಂದೇಶ ಕಳುಹಿಸುವ ಸಂಕೇತ. ಈ ಆ್ಯಪ್ ಅದರ ಅಕ್ಷರ ಕಲಿಸುತ್ತದೆ, ಸಂದೇಶ ಹಿಡಿಯುವುದನ್ನು ಕಲಿಸುವುದಿಲ್ಲ. ಅಕ್ಷರದ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಉಳಿದದ್ದನ್ನೂ ಇದೇ ಮಾಡಿಕೊಡುತ್ತದೆ ಎಂದು ನಂಬಿದವರು ನಿಮಿಷಕ್ಕೆ ಹತ್ತು ಪದದ ಆಸುಪಾಸಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆ್ಯಪ್‌ನ ಹೆಸರು ಬರೆಯುತ್ತಿಲ್ಲ. ಇದೇ ಜಾತಿಯವು ಇನ್ನೂ ಹಲವು ಇವೆ, ನನ್ನ ಹೊಗಳಿಕೆಯೂ ದೂರೂ ಬಹುಪಾಲು ಅವಕ್ಕೂ ಸಲ್ಲುತ್ತವೆ.

ನಾನು ಇದನ್ನು ಹಾಕಿಕೊಂಡದ್ದು ಪರೀಕ್ಷೆಗಾಗಿ. ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ, ಪರವಾನಗಿಯಲ್ಲಿ ನನ್ನದು ನಿರ್ಬಂಧಿತ ದರ್ಜೆ, ಅದಕ್ಕೆ ಮೋರ್ಸ್ ಬೇಕಿರಲಿಲ್ಲ. ಸಾಮಾನ್ಯ ದರ್ಜೆಗೆ ಏರಲು ನಾನು ಓದುತ್ತಿರುವ ಪಠ್ಯಕ್ರಮದ ಪ್ರಕಾರ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಐದು ನಿಮಿಷ, ಅಂದರೆ ಪದಕ್ಕೆ ಐದರಂತೆ 200 ಅಕ್ಷರಗಳನ್ನು, ಕೇಳಿ ಬರೆಯಬೇಕು. ಐದಕ್ಕಿಂತ ಹೆಚ್ಚು ತಪ್ಪಾದರೆ ಅನುತ್ತೀರ್ಣ. ಮೋರ್ಸ್ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು 2003ರ ವಿಶ್ವ ರೇಡಿಯೊ ಸಮ್ಮೇಳನ ಆಯಾ ದೇಶಗಳಿಗೇ ಬಿಟ್ಟಿತು. ಅನೇಕ ದೇಶಗಳು ಅದನ್ನು ಕೈಬಿಟ್ಟವು. ನಮ್ಮಲ್ಲಿ ಉಳಿದುಕೊಂಡದ್ದಕ್ಕೆ ಗೊಣಗುವವರು ಬಹಳ ಮಂದಿ ಇದ್ದಾರೆ, ನಾನು ಆ ಗುಂಪಿನವನಲ್ಲ.

ಮೋರ್ಸ್ ಕಲಿಯಲು ಹೊರಟವರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಚುಕ್ಕೆ ಮತ್ತು ಗೀಟುಗಳ ಕೋಷ್ಟಕ. ಅದನ್ನು ಬಾಯಿಪಾಠ ಮಾಡಿದವರು ಮುಂದೆ ಪಡುವ ಪಾಡು ದೊಡ್ಡದು. ಸದ್ದು ಕೇಳಿ, ಚುಕ್ಕೆ ಎಣಿಸಿ, ಮನಸ್ಸಿನಲ್ಲಿ ಕೋಷ್ಟಕ ತಡಕಾಡುವಷ್ಟರಲ್ಲಿ ಮುಂದಿನ ಎರಡು ಅಕ್ಷರ ದಾಟಿಹೋಗಿರುತ್ತವೆ. ಈ ಆ್ಯಪ್ ಕೋಷ್ಟಕವನ್ನು ತೋರಿಸುವುದೇ ಇಲ್ಲ. ಇದು ಅನುಸರಿಸುವುದು ಜರ್ಮನಿಯ ಮನೋವಿಜ್ಞಾನಿ ಲುಡ್ವಿಗ್ ಕಾಖ್ 1930ರ ದಶಕದಲ್ಲಿ ರೂಪಿಸಿದ ವಿಧಾನವನ್ನು. ಮೊದಲ ಪಾಠದಲ್ಲಿ ಕೆ ಮತ್ತು ಎಂ, ಎರಡೇ ಅಕ್ಷರ, ಆದರೆ ಪೂರ್ಣ ವೇಗದಲ್ಲಿ. ನೂರಕ್ಕೆ ತೊಂಬತ್ತು ಸರಿಯಾದಾಗ ಮೂರನೆಯ ಅಕ್ಷರ ಸೇರುತ್ತದೆ.

ಪೂರ್ಣ ವೇಗ ಏಕೆ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. ಮೋರ್ಸ್ ವೇಗವನ್ನು ಅಳೆಯುವುದು ‘ಪ್ಯಾರಿಸ್’ ಎಂಬ ಪದದಿಂದ, ಕೊನೆಯ ವಿರಾಮವೂ ಸೇರಿ ಅದರ ಅಳತೆ 50 ಚುಕ್ಕೆಗಳಷ್ಟು. ನಿಮಿಷಕ್ಕೆ 20 ಪದವೆಂದರೆ ಒಂದು ಚುಕ್ಕೆಗೆ 60 ಮಿಲಿಸೆಕೆಂಡು, ಗೀಟು ಅದರ ಮೂರು ಪಟ್ಟು. ಆ ವೇಗದಲ್ಲಿ ಎಣಿಸುವುದಕ್ಕೆ ಮನಸ್ಸಿಗೆ ಪುರುಸೊತ್ತೇ ಇರುವುದಿಲ್ಲ. ಯಕ್ಷಗಾನ ನೋಡುವವರು ಚಂಡೆಯ ಪೆಟ್ಟುಗಳನ್ನು ಒಂದೊಂದಾಗಿ ಎಣಿಸಿ ಬಿಡ್ತಿಗೆ ಎಂಬ ಪೆಟ್ಟಿನ ವರಸೆಯನ್ನು ಗುರುತಿಸುವುದಿಲ್ಲವಲ್ಲ, ಹಾಗೆಯೇ ಇದು. ಕಲಿಯುವವರಿಗೆ ಉಸಿರಾಡಲು ಅವಕಾಶ ಬೇಕೆಂದರೆ ಅಕ್ಷರದ ವೇಗವನ್ನು ಮುಟ್ಟದೆ ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಹಿಗ್ಗಿಸಬೇಕು. ಇದಕ್ಕೆ ಫಾರ್ನ್ಸ್‌ವರ್ತ್ ಅಂತರ ಎನ್ನುತ್ತಾರೆ. ಆ್ಯಪ್‌ನಲ್ಲಿ ಇವೆರಡಕ್ಕೂ ಬೇರೆಬೇರೆ ಪಟ್ಟಿಗಳಿವೆ, ಬೆರಳಿನಿಂದ ಎಳೆದರೆ ಸಾಕು. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಗೆ ನನ್ನ ಪೂರ್ತಿ ಅಂಕ.

ಪರೀಕ್ಷೆಗೆ ಓದುವವರಿಗೆ ಇಲ್ಲೊಂದು ಕೊಕ್ಕೆ ಇದೆ. ಪರೀಕ್ಷೆಯಲ್ಲಿ ಬರುವ 8 ಪದಗಳ ವೇಗ ಅಂತರ ಹಿಗ್ಗಿಸಿದ್ದೇ ಆಗಿರಬೇಕೆಂದಿಲ್ಲ. ಅಕ್ಷರವನ್ನೇ ನಿಧಾನಗೊಳಿಸಿ ಕಳುಹಿಸಿದರೆ ಒಂದು ಚುಕ್ಕೆ 150 ಮಿಲಿಸೆಕೆಂಡು ಆಗುತ್ತದೆ, ‘ಕ್ಯೂ’ ಎಂಬ ಒಂದೇ ಅಕ್ಷರ ಸುಮಾರು ಎರಡು ಸೆಕೆಂಡು ಎಳೆಯುತ್ತದೆ. ವೇಗಕ್ಕೆ ಒಗ್ಗಿದ ಕಿವಿಗೆ ಅದು ಬೇರೊಂದು ಭಾಷೆಯಂತೆ ಕೇಳುತ್ತದೆ. ಆದ್ದರಿಂದ ಅಕ್ಷರಗಳೆಲ್ಲ ಬಂದ ಮೇಲೆ ನಿಜವಾದ 8ರಲ್ಲೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಈ ಸಲಹೆಯನ್ನು ಆ್ಯಪ್ ಎಲ್ಲಿಯೂ ಕೊಡುವುದಿಲ್ಲ.

ನನ್ನ ಕೆಲಸ ಕುಮಟಾದಲ್ಲಿ, ಮನೆ ಶಿರಸಿಯ ಆಚೆಯ ಹಳ್ಳಿಯಲ್ಲಿ. ವಾರದ ಕೊನೆಗೆ ದೇವಿಮನೆ ಘಟ್ಟ ಹತ್ತುವ ಬಸ್ಸೇ ನನ್ನ ಮುಖ್ಯ ತರಗತಿ. ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆ್ಯಪ್ ಕೈಕೊಡುವುದಿಲ್ಲ. ಪಾಠಗಳೆಲ್ಲ ಮೊಬೈಲ್‌ನಲ್ಲೇ ಇರುವುದರಿಂದ ಇಂಟರ್‌ನೆಟ್ಟಿನ ಹಂಗಿಲ್ಲ. ಪರದೆ ಆರಿಸಿಟ್ಟು ಬರೀ ಕೇಳುವ ಕ್ರಮವೂ ಇದೆ: ಐದು ಅಕ್ಷರಗಳ ಗುಂಪು ಮೊಳಗುತ್ತದೆ, ಸ್ವಲ್ಪ ಬಿಡುವು, ಆಮೇಲೆ ಒಂದು ದನಿ ಆ ಅಕ್ಷರಗಳನ್ನು ಓದಿ ಹೇಳುತ್ತದೆ. ಬ್ಯಾಟರಿ ಬಹಳ ಕಡಿಮೆ ತಿನ್ನುತ್ತದೆ. ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಬಾರದ ಊರಿನವರಿಗೆ ಇದು ಸಣ್ಣ ಸಂಗತಿಯಲ್ಲ.

ಸ್ವರದ ಎತ್ತರವನ್ನೂ ಬದಲಿಸಬಹುದು. ಮೊದಲಿಗೆ ಇರುವ 600 ಹರ್ಟ್ಜ್ ಮನೆಯಲ್ಲಿ ಹಿತವಾಗಿದೆ. ತಿರುವಿನಲ್ಲಿ ಏದುಸಿರು ಬಿಡುವ ಬಸ್ಸಿನ ಎಂಜಿನ್ ಸದ್ದಿನಲ್ಲಿ ಅದು ಮುಳುಗುತ್ತದೆ, 750ಕ್ಕೆ ಏರಿಸಿದರೆ ಎದ್ದು ಕೇಳುತ್ತದೆ. ಹೆಂಚಿನ ಮೇಲೆ ಮಳೆ ಸುರಿಯುವಾಗ ಮೊಬೈಲ್‌ನ ಸ್ಪೀಕರ್ ನಂಬಿ ಕೂರುವುದು ವ್ಯರ್ಥ. ಮೂರು ಚುಕ್ಕೆಯ ‘ಎಸ್’, ನಾಲ್ಕರ ‘ಎಚ್’, ಐದರ ‘5’ ಎಲ್ಲವೂ ಒಂದೇ ಗುಳುಗುಳು.

ಬ್ಲೂಟೂತ್ ಇಯರ್‌ಫೋನ್ ಬಳಸುವವರು ಇದನ್ನು ಗಮನವಿಟ್ಟು ಓದಿ. ಗುಂಪಿನ ಮೊದಲ ಅಕ್ಷರ ಮಾತ್ರ ಪದೇಪದೇ ತಪ್ಪಾಗುತ್ತಿದ್ದರೆ ನಿಮ್ಮ ಕಿವಿಯನ್ನು ದೂರಬೇಡಿ. ಗುಂಪುಗಳ ನಡುವಿನ ಮೌನದಲ್ಲಿ ಕೆಲವು ಇಯರ್‌ಫೋನ್‌ಗಳು ವಿದ್ಯುತ್ ಉಳಿಸಲು ನಿದ್ದೆಗೆ ಜಾರುತ್ತವೆ. ಸದ್ದು ಬಂದಾಗ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಚುಕ್ಕೆ ನುಂಗಿಹೋಗಿರುತ್ತದೆ. ಆಗ ‘ವಿ’ ಹೋಗಿ ‘ಯು’ ಆಗುತ್ತದೆ, ‘ಆರ್’ ಹೋಗಿ ‘ಎನ್’, ‘ಎಲ್’ ಹೋಗಿ ‘ಡಿ’, ‘ಡಬ್ಲ್ಯೂ’ ಹೋಗಿ ‘ಎಂ’. ಭಾರತದ ಹ್ಯಾಮ್‌ಗಳು ಗುರುತಿಗೆ ಬಳಸುವ ಕರೆಸಂಕೇತಗಳಲ್ಲಿ ಹೆಚ್ಚಿನವು ‘ವಿಯು’ದಿಂದ ಆರಂಭವಾಗುವುದನ್ನು ನೆನೆದರೆ ಇದು ಎಷ್ಟು ಕಿರಿಕಿರಿ ಎಂದು ಊಹಿಸಬಹುದು. ತಂತಿಯ ಇಯರ್‌ಫೋನ್ ಹಾಕಿದರೆ ತೊಂದರೆ ಮುಗಿಯಿತು. ಬ್ಲೂಟೂತೇ ಬೇಕೆಂದರೆ ಹಿನ್ನೆಲೆಯ ರೇಡಿಯೊ ಗದ್ದಲವನ್ನು ಸಣ್ಣಗೆ ಹಾಕಿಡಿ. ಆ ಸೊಂಯ್ ಸದ್ದು ಇಯರ್‌ಫೋನನ್ನು ಮಲಗಲು ಬಿಡುವುದಿಲ್ಲ.

ಪಾಠಗಳ ಅನುಕ್ರಮದ ಬಗ್ಗೆ ನನಗೆ ತಕರಾರಿದೆ. ಒಟ್ಟು 41 ಚಿಹ್ನೆಗಳು. ಅವುಗಳಲ್ಲಿ ‘ಸಿ’ ಬರುವುದು 36ನೆಯದಾಗಿ, ‘ಡಿ’ 38ನೆಯದಾಗಿ. ರೇಡಿಯೊದಲ್ಲಿ ಯಾರಾದರೂ ಕರೆ ಕೊಟ್ಟರೆ ಮೊದಲು ಕೇಳುವುದೇ ‘ಸಿಕ್ಯೂ’ (ಯಾರಾದರೂ ಉತ್ತರಿಸಿ ಎಂಬ ಕರೆ), ಅದರ ಬೆನ್ನಿಗೆ ‘ಡಿಇ’ (ಇಂಥವರಿಂದ). ಅಂದರೆ ಪಾಠ ಮುಗಿಯುವ ಹೊಸ್ತಿಲಿಗೆ ಬರುವವರೆಗೂ ನಿಜವಾದ ಕರೆಯೊಂದನ್ನು ಪೂರ್ತಿ ಓದಲಾಗುವುದಿಲ್ಲ. ಅದಕ್ಕೂ ಮೊದಲೇ ಸಮಚಿಹ್ನೆ, ಓರೆಗೆರೆ ಎಲ್ಲ ಕಲಿತಾಗಿರುತ್ತದೆ. ಅಭ್ಯಾಸವನ್ನು ಅರ್ಧಕ್ಕೆ ಬಿಡುವವರು ಬಹುಶಃ ಈ ಒಣ ಹಾದಿಯಲ್ಲೇ ಬಿಡುತ್ತಾರೆ. ಅದೃಷ್ಟಕ್ಕೆ ಅನುಕ್ರಮವನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳುವ ಸೌಲಭ್ಯ ಇದೆ, ಸೆಟ್ಟಿಂಗ್‌ನ ಮೂರನೆಯ ಪದರದಲ್ಲಿ ಅಡಗಿ ಕುಳಿತಿದೆ. ಹೊಸಬರು ಸಿ, ಕ್ಯೂ, ಡಿ, ಇ, ವಿ, ಯು ಇವುಗಳನ್ನು ಮುಂದಕ್ಕೆ ತಂದುಕೊಳ್ಳಲಿ. ನಮ್ಮ ಪಠ್ಯಕ್ರಮದಲ್ಲಿರುವ ಅರ್ಧವಿರಾಮ ಮತ್ತು ಸಂಯೋಗ ಗೆರೆ ಆ 41ರಲ್ಲಿ ಇಲ್ಲ. ಅವನ್ನೂ ಕೈಯಾರೆ ಸೇರಿಸಬೇಕು.

ಇನ್ನು ನನ್ನ ಮುಖ್ಯ ದೂರು. ಮೊದಲಿನ ಸೆಟ್ಟಿಂಗ್‌ನಲ್ಲಿ ಪ್ರತಿ ಅಕ್ಷರ ಒತ್ತಿದೊಡನೆ ಹಸಿರು ಅಥವಾ ಕೆಂಪು ಮಿನುಗುತ್ತದೆ, ತಪ್ಪಾದರೆ ಸದ್ದು ನಿಂತು ಅದೇ ಅಕ್ಷರ ಮತ್ತೆ ಮೊಳಗುತ್ತದೆ. ನೋಡಲು ಬಹಳ ಉಪಕಾರಿ. ಆದರೆ ಕೆಂಪು ಕಂಡಾಗಲೆಲ್ಲ ನಿಂತು ಹಿಂದಿರುಗಿ ನೋಡುವುದು ರೂಢಿಯಾಗಿಬಿಡುತ್ತದೆ, ಮೋರ್ಸ್ ಹಿಡಿಯುವವರಿಗೆ ಇರಬಾರದ ರೂಢಿ ಇದೊಂದೇ. ಆಚೆಯಿಂದ ಕಳುಹಿಸುವವರು ನಮಗಾಗಿ ನಿಲ್ಲುವುದಿಲ್ಲ. ಒಂದು ಅಕ್ಷರ ತಪ್ಪಿದರೆ ಅಲ್ಲೊಂದು ಗೆರೆ ಎಳೆದು ಮುಂದಿನದಕ್ಕೆ ಹೋಗಬೇಕು. ತಪ್ಪಿದ್ದನ್ನು ನೆನಪಿಸಿಕೊಳ್ಳುತ್ತ ಕುಳಿತರೆ ಇನ್ನೂ ಮೂರು ತಪ್ಪುತ್ತವೆ, ಪರೀಕ್ಷೆಯ ಐದು ತಪ್ಪುಗಳ ಮಿತಿ ಬಹುತೇಕ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಓಣಿಯಲ್ಲಿ ಹಿಂದೆ ತಂತಿ ಕಚೇರಿಯಲ್ಲಿದ್ದ ಹಿರಿಯರೊಬ್ಬರಿದ್ದಾರೆ. ಅವರ ಕಾಲದ ಸೌಂಡರ್ ಯಂತ್ರದಲ್ಲಿ ಸ್ವರವೇ ಇರಲಿಲ್ಲ, ಲೋಹ ಲೋಹಕ್ಕೆ ಬಡಿಯುವ ಟಕ್ ಸದ್ದು ಮಾತ್ರ. ಎರಡು ಟಕ್‌ಗಳ ನಡುವಿನ ಅವಧಿಯಿಂದ ಚುಕ್ಕೆಯೋ ಗೀಟೋ ಎಂದು ತಿಳಿಯಬೇಕಿತ್ತು. ನನ್ನ ಮೊಬೈಲ್ ಕಿವಿಗಿಟ್ಟುಕೊಂಡು ‘ಇದೇನು ತಮ್ಮಾ, ಶಿಳ್ಳೆ ಹೊಡೆಯುತ್ತದೆ’ ಎಂದು ನಕ್ಕರು. ಸ್ವಲ್ಪ ಹೊತ್ತಿಗೆ ಒಗ್ಗಿಕೊಂಡು ಸರಸರ ಬರೆಯತೊಡಗಿದರು. ಅವರ ಪೆನ್ಸಿಲ್ ಸದ್ದಿಗಿಂತ ಎರಡು ಮೂರು ಅಕ್ಷರ ಹಿಂದೆ ಇರುತ್ತಿತ್ತು. ಕೇಳಿದ್ದನ್ನು ಕೂಡಲೇ ಬರೆಯುವ ಆತುರವಿಲ್ಲ, ಕಿವಿ ಮುಂದೆ, ಕೈ ಹಿಂದೆ. ದೇಶದಲ್ಲಿ ತಂತಿ ಸೇವೆ ನಿಂತದ್ದು 2013ರ ಜುಲೈನಲ್ಲಿ. ಸಂಕೇತವನ್ನು ಕೈಯಿಂದ ಒತ್ತಿ ಕಳುಹಿಸುವ ಮೋರ್ಸ್ ಕೀಲಿ ಅದಕ್ಕೂ ಎಷ್ಟೋ ಮೊದಲೇ ಟೆಲಿಪ್ರಿಂಟರ್‌ಗೆ ಜಾಗ ಬಿಟ್ಟುಕೊಟ್ಟಿತ್ತು. ಆ ಅಭ್ಯಾಸ ಮಾತ್ರ ಅವರ ಕೈಯಿಂದ ಹೋಗಿಲ್ಲ. ಅಕ್ಷರಕ್ಕೊಮ್ಮೆ ಉತ್ತರ ಕೇಳುವ ಆ್ಯಪ್‌ನಿಂದ ಇದು ಎಂದಿಗೂ ಬಾರದು.

ಆದ್ದರಿಂದ ಆ ಹಸಿರು ಕೆಂಪು ದೀಪಗಳನ್ನು ಆರಿಸಿ, ಪರದೆಯ ಕೀಲಿಮಣೆಯನ್ನೂ ಮುಚ್ಚಿ. ಒಂದು ವಹಿ, ಒಂದು ಪೆನ್ಸಿಲ್ ಇಟ್ಟುಕೊಂಡು ಐದು ನಿಮಿಷದ ಪಾಠ ಮುಗಿಯುವವರೆಗೂ ಬರೆದು, ಆಮೇಲೆ ತಾಳೆ ನೋಡಿ. ಕೀಲಿಮಣೆಯಲ್ಲಿ ಇನ್ನೊಂದು ತೊಡಕೂ ಇದೆ. ಒಂದು ಮಟ್ಟ ದಾಟಿದ ಮೇಲೆ ಕಿವಿ ಹಿಡಿದ ಅಕ್ಷರವನ್ನು ಹೆಬ್ಬೆರಳು ಪರದೆಯ ಮೇಲೆ ಹುಡುಕುತ್ತಿರುತ್ತದೆ, ಅಂಕಪಟ್ಟಿಯಲ್ಲಿ ದಾಖಲಾಗುವುದು ಹೆಬ್ಬೆರಳಿನ ವೇಗ.

ಗಾಳಿಯಲ್ಲಿ ಬರುವ ಮೋರ್ಸ್ ಬೇರೆಯೇ. ನನ್ನ ಬಳಿ ಒಂದು ಸಣ್ಣ ರಿಸೀವರ್ ಇದೆ. ಸಂಜೆಯ ಹೊತ್ತು 40 ಮೀಟರ್ ಬ್ಯಾಂಡ್ ಎಂಬ ಹ್ಯಾಮ್ ತರಂಗಪಟ್ಟಿಯ ಕೆಳ ಅಂಚಿನಲ್ಲಿ, 7 ಮೆಗಾಹರ್ಟ್ಜ್‌ನಿಂದ ಸ್ವಲ್ಪ ಮೇಲೆ, ಕೇಳಿದರೆ ಆ್ಯಪ್ ಎಷ್ಟು ಸಭ್ಯವಾದದ್ದೆಂದು ಗೊತ್ತಾಗುತ್ತದೆ. ಒಬ್ಬರ ಗೀಟು ಉದ್ದ, ಇನ್ನೊಬ್ಬರು ಎರಡು ಪದಗಳನ್ನು ಅಂಟಿಸಿಯೇ ಕಳುಹಿಸುತ್ತಾರೆ, ಅಕ್ಷರದ ನಡುವೆ ಸಂಕೇತ ಕ್ಷೀಣಿಸಿ ಮತ್ತೆ ಮೇಲೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಘಟ್ಟದ ಮೇಲೆ ಗುಡುಗು ಕಟ್ಟಿದಾಗ ಸಿಡಿಲಿನ ಕರಕರ ಸದ್ದು ಅರ್ಧ ಅಕ್ಷರ ಕಚ್ಚಿಕೊಂಡು ಹೋಗುತ್ತದೆ. ಆ್ಯಪ್‌ನಲ್ಲಿ ಗದ್ದಲ, ಏರಿಳಿತ ಎರಡನ್ನೂ ಬೆರೆಸಬಹುದು, ಆದರೆ ಅದರ ಏರಿಳಿತ ಗಡಿಯಾರ ಇಟ್ಟಂತೆ ಬರುವುದರಿಂದ ಕಿವಿ ಬೇಗ ಅದರ ಗುಟ್ಟು ಹಿಡಿಯುತ್ತದೆ. ರಿಸೀವರ್ ಇಲ್ಲದವರು ಅಂತರಜಾಲದಲ್ಲಿ ಸಾರ್ವಜನಿಕವಾಗಿ ತೆರೆದಿಟ್ಟ ರಿಸೀವರ್‌ಗಳನ್ನು ಮೊಬೈಲ್‌ನಿಂದಲೇ ಕೇಳಬಹುದು. ವಾರಕ್ಕೆ ಒಂದೆರಡು ಬಾರಿ ಕೇಳಿದರೂ ಸಾಕು.

ಕಳೆದ ವರ್ಷದ ಒಂದು ಅಪ್‌ಡೇಟ್ ನಂತರ ಪಾಠಗಳ ನಡುವೆ ಜಾಹೀರಾತು ಬರತೊಡಗಿತು, ಒಮ್ಮೆ ಹಣ ಕಟ್ಟಿದರೆ ಹೋಗುತ್ತದೆ. ಒಂದು ದಿನ ಬಿಟ್ಟರೆ ‘ನಿಮ್ಮ ಸರಣಿ ಮುರಿಯಲಿದೆ’ ಎಂದು ರಾತ್ರಿ ಎಚ್ಚರಿಸುವ ಹೊಸ ಚಾಳಿಯೂ ಸೇರಿದೆ, ಅದನ್ನು ಆರಿಸಬಹುದು. ತಿಂಗಳ ಚಂದಾ ಕೇಳುವ ಆ್ಯಪ್‌ಗಳೂ ಇವೆ, ಅವುಗಳ ಗೋಜಿಗೆ ಹೋಗಬೇಡಿ. ಈ ಕಲಿಕೆಗೆ ತಿಂಗಳುಗಳೇ ಬೇಕು, ಚಂದಾ ಬೆಳೆಯುತ್ತಲೇ ಹೋಗುತ್ತದೆ.

ಪರದೆಯ ಮೇಲೆ ಬೆರಳು ಬಡಿದು ಕಳುಹಿಸುವುದನ್ನು ಕಲಿಸುವ ವಿಭಾಗವೂ ಇದರಲ್ಲಿದೆ. ಅದನ್ನು ತೆರೆಯುವ ಅಗತ್ಯವಿಲ್ಲ, ಕಳುಹಿಸುವುದಕ್ಕೆ ಒಂದು ನಿಜವಾದ ಕೀಲಿ ಕೊಳ್ಳಿ.