ದಾ ನಾಂಗ್‌ನಿಂದ ಒಂದು ದಿನ: ಹಾಯ್ ವಾನ್ ಘಟ್ಟವೋ, ಸೊನ್ ತ್ರಾ ಬೆಟ್ಟವೋ?

ಮಧ್ಯ ವಿಯೆಟ್ನಾಮಿನ ದಾ ನಾಂಗ್ ನಗರದಿಂದ ಬೈಕಿನಲ್ಲಿ ನಿಧಾನವಾಗಿ ಸುತ್ತಲು ಒಂದೇ ದಿನವಿದ್ದರೆ, ಆಯ್ಕೆ ಬಹುಮಟ್ಟಿಗೆ ಈ ಎರಡರ ನಡುವೆ ನಿಲ್ಲುತ್ತದೆ.

ಉತ್ತರದ ಹಾಯ್ ವಾನ್ ಘಟ್ಟದ ರಸ್ತೆ ಸುಮಾರು 21 ಕಿ.ಮೀ. ಉದ್ದವಿದ್ದು, ಸುಮಾರು 500 ಮೀಟರ್ ಎತ್ತರಕ್ಕೇರಿ ಲಾಂಗ್ ಕೊ ಕಡಲತೀರದ ಕಡೆಗಿಳಿಯುತ್ತದೆ. 2005ರಲ್ಲಿ ಸುರಂಗಮಾರ್ಗ ತೆರೆದ ಮೇಲೆ ಲಾರಿ, ಬಸ್ಸುಗಳಲ್ಲಿ ಹೆಚ್ಚಿನವು ಅತ್ತ ಹೋಗಿರುವುದರಿಂದ, ಒಂದು ಬದಿಗೆ ಕಾಡು, ಇನ್ನೊಂದು ಬದಿಗೆ ಕೆಳಗೆ ಸಮುದ್ರವನ್ನಿಟ್ಟುಕೊಂಡ ಆ ತಿರುವುಗಳಲ್ಲಿ ಅವಸರವಿಲ್ಲದೆ ಸಾಗಬಹುದು. ನೆತ್ತಿಯಲ್ಲಿ 1826ರಲ್ಲಿ ಮಿನ್ ಮಾಂಗ್ ದೊರೆಯ ಕಾಲದಲ್ಲಿ ಕಟ್ಟಿದ ಕಾವಲು ಬಾಗಿಲಿದೆ. ಹಾಯ್ ವಾನ್ ಎಂದರೆ ಕಡಲ ಮೋಡ. ಆ ಹೆಸರು ಎಚ್ಚರಿಕೆಯೂ ಹೌದು, ಏಕೆಂದರೆ ಮಂಜು ಕವಿದರೆ ನೋಟವೂ ಇಲ್ಲ, ರಸ್ತೆಯೂ ಸರಿಯಾಗಿ ಕಾಣದು.

ಸೊನ್ ತ್ರಾ ನಗರಕ್ಕೇ ಅಂಟಿಕೊಂಡ ಪರ್ಯಾಯ ದ್ವೀಪ. ಲಿನ್ ಉಂಗ್ ಬೌದ್ಧ ದೇಗುಲದ 67 ಮೀಟರ್ ಎತ್ತರದ ಪ್ರತಿಮೆ, ಅದೃಷ್ಟವಿದ್ದರೆ ಕೆಂಪುಗಾಲಿನ ಡೂಕ್ ಕೋತಿಗಳು ಇಲ್ಲಿ ಕಾಣಸಿಗುತ್ತವೆ. ಆದರೆ ಮೇಲಿನ ದಾರಿ ಬಹಳ ಕಡಿದು. ಗೇರಿಲ್ಲದ ಸ್ಕೂಟರನ್ನು ಅಲ್ಲಿಗೆ ಒಯ್ಯಬಾರದು.

ಅರ್ಧ ದಿನವಷ್ಟೇ ಇದ್ದವರಿಗೆ, ಬಲಬದಿಯ ಸಂಚಾರ ಇನ್ನೂ ರೂಢಿಯಾಗದವರಿಗೆ ಸೊನ್ ತ್ರಾದ ಕೆಳಗಿನ ಕರಾವಳಿ ರಸ್ತೆ ಸಾಕು. ಪೂರ್ತಿ ದಿನವಿದ್ದು ಆಕಾಶ ತಿಳಿಯಾಗಿದ್ದರೆ ನಾನು ನಿಸ್ಸಂದೇಹವಾಗಿ ಹಾಯ್ ವಾನನ್ನೇ ಆರಿಸುತ್ತೇನೆ. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗಿನ ಮಳೆಗಾಲದಲ್ಲಿ ಮಾತ್ರ ಎರಡನ್ನೂ ಮುಂದೂಡುವುದು ಒಳ್ಳೆಯದು.