ಕಟ್ಟುವ ಮೊದಲೇ ಹೇಳಿ ಮಾಡಿಸಿಕೊಂಡ ಮನೆ: ಏನು ಸಿಕ್ಕಿತು, ಏನು ಸಿಗಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ಟೈಲ್ಸ್ ಬಣ್ಣ ನಾವೇ ಆರಿಸಬಹುದು ಅನ್ನೋ ಆಸೆಗೆ ಇಂಥ ಮನೆ ಬುಕ್ ಮಾಡಬೇಡಿ. ಗೋಡೆಯೊಳಗೆ ಹೋಗುವ ಪೈಪು, ಬಾಗಿಲಿನ ಅಗಲ, ಅಡುಗೆ ಕಟ್ಟೆಯ ಎತ್ತರ, ಕಿಟಕಿ ಮೇಲಿನ ಸಜ್ಜಾ, ಇವನ್ನು ನಮ್ಮ ಅಳತೆಗೆ ಮಾಡಿಕೊಡುತ್ತಾರಾ ಕೇಳಿ. ಮಾಡಿಕೊಡುತ್ತಾರೆ ಅಂದರೆ ಮಾತ್ರ ಮುಂದಿನ ಮಾತು. ನಾವು ಚಿಕ್ಕಮಗಳೂರಿನ ಕಡೂರು ರಸ್ತೆ ಕಡೆ ತೆಗೆದುಕೊಂಡ ಮನೆಯಲ್ಲಿ ಇವೆಲ್ಲ ಹೆಚ್ಚುಕಡಿಮೆ ನಾವು ಹೇಳಿದ ಹಾಗೆ ಆದವು. ದುಡ್ಡಿನ ಲೆಕ್ಕದಲ್ಲಿ ಮಾತ್ರ ಜಗ್ಗಾಡಬೇಕಾಯಿತು. ಅದಕ್ಕೇ ಬಿಲ್ಡರ್ ಹೆಸರು ಬರೆಯುತ್ತಿಲ್ಲ.

ನಾನು ಬಸವನಹಳ್ಳಿಯಲ್ಲಿ ಬ್ಲೌಸ್, ಚೂಡಿದಾರ್ ಹೊಲಿಯುವವಳು. ಯಜಮಾನರು ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸಕ್ಕಿದ್ದಾರೆ. ಅತ್ತೆ ಕೊಪ್ಪದ ಕಡೆಯವರು, ಮಂಡಿ ನೋವು, ವಾಕರ್ ಹಿಡಿದು ನಡೆಯುತ್ತಾರೆ. ಮನೆಗೊಂದು ಬಾಡಿಗೆ, ಅಂಗಡಿಗೊಂದು ಬಾಡಿಗೆ ಕೊಟ್ಟು ಸಾಕಾಗಿತ್ತು. ಮನೆಯಲ್ಲೇ ಒಂದು ಹೊಲಿಗೆ ರೂಮ್ ಇರಬೇಕು, ಗಿರಾಕಿಗಳು ನಮ್ಮ ಹಾಲ್ ದಾಟದೆ ಬಂದುಹೋಗಬೇಕು ಅನ್ನೋದು ನನ್ನ ಹಟ.

ರೆಡಿ ಮನೆಗಳನ್ನೂ ನೋಡಿದೆವು. ವಿಜಯಪುರದಲ್ಲಿ ಒಂದು ಚೆನ್ನಾಗಿತ್ತು. ಆದರೆ ಬಚ್ಚಲಿನ ಬಾಗಿಲು ಎರಡೂವರೆ ಅಡಿ. ಚೌಕಟ್ಟು, ಬಾಗಿಲಿನ ದಪ್ಪ ಎಲ್ಲ ಕಳೆದರೆ ವಾಕರ್ ಒಳಗೆ ಹೋಗುವುದೇ ಕಷ್ಟ. ಹಿರೇಮಗಳೂರು ಕಡೆ ನೋಡಿದ್ದರಲ್ಲಿ ಕೆಳಗಡೆ ಬಚ್ಚಲೇ ಇರಲಿಲ್ಲ. ಒಡೆಸಿ ಮಾಡಿಸಿಕೊಳ್ಳಿ ಅಂದರು. ಹೊಸ ಮನೆಗೆ ದುಡ್ಡು ಕೊಟ್ಟು ಮೊದಲ ದಿನವೇ ಒಡೆಸೋದಾ?

ಈ ಲೇಔಟ್‌ನಲ್ಲಿ ಎಲ್ಲ 30ಕ್ಕೆ 40 ಅಡಿಯ ಸೈಟು, ಎಲ್ಲ ಡ್ಯೂಪ್ಲೆಕ್ಸ್, ಇಪ್ಪತ್ತಕ್ಕೂ ಜಾಸ್ತಿ ಮನೆ. ನಾವು ಹೋದಾಗ ನಮ್ಮ ಸೈಟಿನಲ್ಲಿ ಹುಲ್ಲು ಬೆಳೆದಿತ್ತು. ಬೆಲೆ 72 ಲಕ್ಷ. ಬುಕಿಂಗ್‌ಗೆ 12 ಲಕ್ಷ ಹಾಕಿ ಅಂದರು. ಯಜಮಾನರು ರೇರಾ, ಅಂದರೆ ಬಿಲ್ಡರ್‌ಗಳಿಂದ ಮನೆ ಕೊಳ್ಳುವವರ ರಕ್ಷಣೆಗಿರುವ ಕಾಯ್ದೆ, ಓದಿಕೊಂಡೇ ಬಂದಿದ್ದರು. ಅಗ್ರಿಮೆಂಟ್ ರಿಜಿಸ್ಟರ್ ಆಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ ನಮ್ಮ ಲೆಕ್ಕಕ್ಕೆ 7.2 ಲಕ್ಷ. ಹಾಗಂದ ತಕ್ಷಣ ಆಫೀಸಿನ ಹುಡುಗಿ "ಆಯ್ತು ಸರ್, 5 ಕೊಡಿ" ಅಂದಳು. ಅಷ್ಟು ಸುಲಭಕ್ಕೆ ಇಳಿದಿದ್ದು ನೋಡಿ ನನಗೆ ಕೇಳಿದವರಿಗೊಂದು ಲೆಕ್ಕ, ಕೇಳದವರಿಗೊಂದು ಲೆಕ್ಕ ಅಂತ ಅವತ್ತೇ ಗೊತ್ತಾಯಿತು. ರೇರಾ ನಂಬರ್ ಹಾಕಿ ವೆಬ್‌ಸೈಟ್‌ನಲ್ಲಿ ಪ್ಲಾನ್ ಇಳಿಸಿಕೊಂಡು, ಅವರು ಕೊಟ್ಟ ಪ್ಲಾನ್ ಪಕ್ಕ ಇಟ್ಟು ನೋಡಿದೆವು. ಎರಡೂ ಒಂದೇ ಇದ್ದವು.

ಇನ್ನೊಂದು ಖರ್ಚನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಟ್ಟುತ್ತಿರುವ ಮನೆಗೆ 5% ಜಿಎಸ್‌ಟಿ. ಕಟ್ಟಿ ಮುಗಿದು ಕಂಪ್ಲೀಷನ್ ಸರ್ಟಿಫಿಕೇಟ್ ಬಂದಮೇಲೆ ಕೊಂಡರೆ ಅದು ಇಲ್ಲ. ನಮಗೆ 3.6 ಲಕ್ಷ ಹೋಯಿತು. ಅಂದರೆ ಬದಲಾವಣೆ ಪಟ್ಟಿ ಬರೆಯೋಕೆ ಪೆನ್ನು ಎತ್ತುವ ಮೊದಲೇ ಅಷ್ಟು ಕೈಬಿಟ್ಟಿತ್ತು. ನೀವು ಏನೂ ಬದಲಿಸುವುದಿಲ್ಲ ಅಂದರೆ ರೆಡಿ ಮನೆಯೇ ಲಾಭ.

ಅಗ್ರಿಮೆಂಟ್ ಆದಮೇಲೆ ಒಂದು ಫಾರಂ ಕೊಟ್ಟರು. ಅದರಲ್ಲಿ ಮೂರು ಗಡುವು. ಪಾಯಕ್ಕೆ ಮೊದಲು ರೂಮುಗಳ ಅಳತೆ. ಮೋಲ್ಡಿಂಗ್‌ಗೆ ಸೆಂಟ್ರಿಂಗ್ (ಕಾಂಕ್ರೀಟ್ ಹಾಕಲು ಕೆಳಗೆ ಕಟ್ಟುವ ಹಲಗೆ) ಹೊಡೆಯುವ ಮೊದಲು ಬಚ್ಚಲು, ಸಜ್ಜಾ, ಮೆಟ್ಟಿಲು. ಪ್ಲಾಸ್ಟರಿಂಗ್‌ಗೆ ಮೊದಲು ಕರೆಂಟು ಪಾಯಿಂಟು, ನೀರಿನ ಪಾಯಿಂಟು. ಈ ಫಾರಂ ನನಗೆ ತುಂಬ ಹಿಡಿಸಿತು. ಯಾಕೆ ಅನ್ನುವುದನ್ನೂ ಸೈಟ್ ಇಂಜಿನಿಯರ್ ಬಿಡಿಸಿ ಹೇಳಿದರು. ಮಹಡಿ ಬಚ್ಚಲಿನ ಪೈಪುಗಳು ಕೂರೋಕೆ ಆ ಜಾಗದಲ್ಲಿ ಮಾತ್ರ ಸ್ಲ್ಯಾಬನ್ನು ತಗ್ಗಿಸಿ ಹಾಕುತ್ತಾರೆ. ಕಾಂಕ್ರೀಟ್ ಬಿದ್ದಮೇಲೆ ಬಚ್ಚಲು ಆಚೆ ಸರಿಸಿ ಅಂದರೆ ಆಗುವುದಿಲ್ಲ, ತಗ್ಗು ಅಲ್ಲೇ ಇರುತ್ತದೆ.

ಹೊಲಿಗೆ ರೂಮಿನ ವಿಷಯಕ್ಕೆ ಬರುತ್ತೇನೆ. ಪ್ಲಾನ್‌ನಲ್ಲಿ ಹಾಲ್ ಪಕ್ಕ ಒಂದು ಸ್ಟಡಿ ರೂಮ್ ಇತ್ತು, 9 ಅಡಿಗೆ 10 ಅಡಿ. ಅದಕ್ಕೆ ರಸ್ತೆ ಕಡೆಯಿಂದ ಬಾಗಿಲು ಕೊಡಿ ಅಂದೆ. ಸುತರಾಂ ಒಪ್ಪಲಿಲ್ಲ. ಎಲ್ಲ ಮನೆಯ ಎಲಿವೇಷನ್, ಅಂದರೆ ಮುಂದಿನ ನೋಟ, ಒಂದೇ ಥರ ಇರಬೇಕಂತೆ. ಬಾಲ್ಕನಿ ಕಂಬಿಯ ಡಿಸೈನ್ ಕೂಡ ಮುಟ್ಟುವ ಹಾಗಿಲ್ಲ. ಕೊನೆಗೆ ಪಕ್ಕದ ಓಣಿ ಕಡೆಗೆ ಬಾಗಿಲು ಕೊಟ್ಟು ಡ್ರಾಯಿಂಗ್ ತಿದ್ದಿಕೊಟ್ಟರು. ಗಿರಾಕಿಗಳು ಮಳೆಯಲ್ಲಿ ನಿಲ್ಲಬಾರದಲ್ವಾ, ಅಲ್ಲೊಂದು ಶೀಟ್ ಹಾಕಿಕೊಡಿ ಅಂದರೆ ಇಂಜಿನಿಯರ್ ತಲೆ ಆಡಿಸಿದರು. ಅದು ಪ್ಲಾನ್ ಪ್ರಕಾರ ಖಾಲಿ ಬಿಡಬೇಕಾದ ಜಾಗ, ಮುಚ್ಚುವ ಹಾಗಿಲ್ಲ ಅಂದರು. ಅದು ಸರಿಯೇ. ಬಾಗಿಲ ಮೇಲಿನ ಸಜ್ಜಾವನ್ನೇ ಸ್ವಲ್ಪ ಉದ್ದ ಮಾಡಿದರು.

ಕಿಟಕಿ ಮಾತ್ರ ಉತ್ತರಕ್ಕೇ ಬೇಕು, ದೊಡ್ಡದೇ ಬೇಕು ಅಂತ ಕೂತುಬಿಟ್ಟೆ. ಉತ್ತರದ ಬೆಳಕಲ್ಲಿ ವರ್ಷದ ಬಹುಪಾಲು ಬಿಸಿಲು ನೇರ ಬೀಳುವುದಿಲ್ಲ, ದಾರದ ಬಣ್ಣ ಬಟ್ಟೆಗೆ ಕೂಡುತ್ತಾ ಅಂತ ಬೆಳಗ್ಗೆ ನೋಡಿದರೂ ಸಂಜೆ ನೋಡಿದರೂ ಮೋಸ ಆಗುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಮೆರೂನ್ ದಾರ ಹಾಕಿ ಹೊಲಿದು, ಹೊರಗೆ ತಂದು ನೋಡಿದರೆ ಕಂದು ಬಣ್ಣ ಅನ್ನೋ ಕಷ್ಟ ಹೊಲಿಯುವವರಿಗೇ ಗೊತ್ತು.

ಪ್ಲಾಸ್ಟರಿಂಗ್‌ಗೆ ಮೊದಲು ಸೀಮೆಸುಣ್ಣ ಹಿಡಿದು ಗೋಡೆ ಮೇಲೆ ಪಾಯಿಂಟ್ ಗುರುತು ಮಾಡಿಸುವ ದಿನ ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟಿದ್ದು. ಸೂಪರ್‌ವೈಸರ್ ತರೀಕೆರೆ ಕಡೆಯ ಹುಡುಗ. ಅವನ ಪಟ್ಟಿಯಲ್ಲಿ ಎಲ್ಲ ರೂಮಿಗೂ ಒಂದೇ ಲೆಕ್ಕ: ಸ್ವಿಚ್ ಬೋರ್ಡು ಬಾಗಿಲ ಪಕ್ಕ, ಪ್ಲಗ್ಗು ನೆಲದಿಂದ ಒಂದಡಿ ಮೇಲೆ, ಫ್ಯಾನು ಮಧ್ಯದಲ್ಲಿ.

"ಫ್ಯಾನ್ ಮಧ್ಯದಲ್ಲಿ ಬೇಡಪ್ಪ, ಗೋಡೆಗೆ ಹಾಕು" ಅಂದೆ.

"ಯಾಕಕ್ಕಾ, ಗಾಳಿ ಬರಲ್ಲ."

"ಗಾಳಿ ಬಂದರೇ ಕಷ್ಟ. ಕಟಿಂಗ್ ಟೇಬಲ್ ಮೇಲಿನ ಪೇಪರ್ ಎಲ್ಲ ಹಾರುತ್ತೆ."

ನಕ್ಕ. ಆಮೇಲೆ ತಾನೇ ಕೇಳಿ ಕೇಳಿ ಗುರುತು ಹಾಕಿದ. ಮೋಟಾರ್ ಮಿಷನ್‌ಗೆ ಪ್ಲಗ್ಗು ಟೇಬಲ್‌ಗಿಂತ ಮೇಲೆ, 30 ಇಂಚಿಗೆ. ಬಗ್ಗಿ ಬಗ್ಗಿ ಹಾಕುವುದು ತಪ್ಪಿತು. ಇಸ್ತ್ರಿ ಪೆಟ್ಟಿಗೆಗೆ ಬೇರೆ ಪವರ್ ಪ್ಲಗ್ಗು. ಮುಂದೆ ಮೆಸ್ಕಾಂನಿಂದ ಹೊಲಿಗೆ ರೂಮಿಗೆ ಬೇರೆ ಮೀಟರ್ ತೆಗೆದುಕೊಂಡರೆ ಬೇಕಾಗುತ್ತೆ ಅಂತ ಮೀಟರ್ ಬೋರ್ಡಿನವರೆಗೆ ಒಂದು ಖಾಲಿ ಪೈಪು. ಆ ಪೈಪಿಗೆ ತೆಗೆದುಕೊಂಡಿದ್ದು 1,800 ರೂಪಾಯಿ. ಮನೆಯಲ್ಲಿ ಅದಕ್ಕಿಂತ ಒಳ್ಳೆ ಖರ್ಚು ಇನ್ನೊಂದಿಲ್ಲ.

ಅತ್ತೆಯದು ಎರಡೇ ಬೇಡಿಕೆ. ಕೆಳಗಿನ ಬಚ್ಚಲಿಗೆ ಅಗಲ ಬಾಗಿಲು, ಹಂಡೆ ಒಲೆ. ಬಾಗಿಲು ಮೂರಡಿ ಆಯಿತು. ಗೋಡೆ ಏಳುವಾಗಲೇ ಹೇಳಿದ್ದರಿಂದ ಬಾಗಿಲಿನ ವ್ಯತ್ಯಾಸ ಮಾತ್ರ ಹಾಕಿದರು. ಒಳಗೆ ಕಾಲು ಜಾರದ ಟೈಲ್ಸ್, ಹಿಡಿದುಕೊಳ್ಳೋಕೆ ಎರಡು ಕಂಬಿ. ಹಂಡೆ ಒಲೆ ಅಂದಾಗ ಆಫೀಸಿನವರಿಗೆ ನಗು. "ಸೋಲಾರ್ ಇದೆಯಲ್ಲಮ್ಮ" ಅಂದರು. ಅತ್ತೆ ಬಿಡಲಿಲ್ಲ. "ಆಷಾಢದಲ್ಲಿ ನಿಮ್ಮ ಸೋಲಾರಿಗೆ ಬಿಸಿಲು ಎಲ್ಲಿಂದ ತರ್ತೀರಿ ಮಗಾ?" ಅಂದರು. ಈ ಊರಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಆ ಪ್ರಶ್ನೆಗೆ ಉತ್ತರ ಇಲ್ಲ. ಒಳಗೆ ಹೊಗೆ ಆಗುತ್ತದೆ ಅಂತ ಹಿಂದಿನ ಯುಟಿಲಿಟಿಯಲ್ಲಿ ಒಲೆ ಕಟ್ಟಿ, ಹೊಗೆಗೆ ಕೊಳವೆ ಬಿಟ್ಟು, ಬಿಸಿನೀರು ಬಚ್ಚಲಿಗೆ ಹೋಗಲು ಗೋಡೆಯಲ್ಲಿ ಪೈಪು ಹಾಕಿಕೊಟ್ಟರು. 14,000 ಆಯಿತು. ಈಗ ಮಳೆಗಾಲದಲ್ಲಿ ಸೋಲಾರ್ ನಂಬಿಕೊಂಡಿರುವ ಅಕ್ಕಪಕ್ಕದವರು ಗೀಸರ್ ಹಾಕಿಕೊಂಡು ಬಿಲ್ಲು ಕಟ್ಟುತ್ತಿದ್ದಾರೆ.

ನೈಋತ್ಯದ ಗೋಡೆಗೆ ಇಲ್ಲಿ ಮಳೆ ಅಡ್ಡ ಹೊಡೆಯುತ್ತದೆ. ಆ ಕಡೆಯ ಕಿಟಕಿಗಳ ಸಜ್ಜಾ ಒಂದೂವರೆ ಅಡಿ ಇದ್ದಿದ್ದನ್ನು ಎರಡೂವರೆ ಮಾಡಿಸಿದೆವು. ಟೆರೇಸ್ ಮೇಲೆ ಬಟ್ಟೆ ಒಣಗಿಸಲು ಶೀಟ್ ಹಾಕಿಸುವುದನ್ನು ಅವರು ಒಪ್ಪಲಿಲ್ಲ, ಮನೆ ಕೈಗೆ ಬಂದಮೇಲೆ ನೀವೇ ಹಾಕಿಸಿಕೊಳ್ಳಿ ಅಂದರು. ಕಂಬ ಕೂರಿಸುವ ಕಬ್ಬಿಣದ ಪ್ಲೇಟುಗಳನ್ನಾದರೂ ವಾಟರ್‌ಪ್ರೂಫಿಂಗ್‌ಗೆ ಮೊದಲೇ ಹಾಕಿ ಅಂತ ಯಜಮಾನರು ಹೇಳಿ ಹಾಕಿಸಿದರು. ಇಲ್ಲದಿದ್ದರೆ ಆಮೇಲೆ ತೂತು ಕೊರೆದು, ವಾಟರ್‌ಪ್ರೂಫಿಂಗ್ ಹರಿದು, ಕೆಳಗಿನ ರೂಮಿಗೆ ನೀರು ಸೋರಿ, ಬಿಲ್ಡರ್ "ನೀವೇ ತೂತು ಮಾಡಿದ್ದು" ಅಂತ ಕೈ ತೊಳೆದುಕೊಳ್ಳುತ್ತಿದ್ದ. ಕಟ್ಟಡದ ದೋಷಕ್ಕೆ ರೇರಾದಲ್ಲಿ 5 ವರ್ಷ ಅವರದೇ ಹೊಣೆ, ತಿಳಿಸಿದ 30 ದಿನದೊಳಗೆ ಪುಕ್ಕಟೆ ಸರಿ ಮಾಡಿಕೊಡಬೇಕು. ಹಾಗಾಗಿ ಅವರಿಗೆ ನೆಪ ಸಿಗುವ ಕೆಲಸ ನಾವು ಮಾಡಬಾರದು.

ಅಡುಗೆ ಕಟ್ಟೆ ಒಂದು ಸಣ್ಣ ಜಗಳ. ನಾನು ಕುಳ್ಳಿ. 34 ಇಂಚಿನ ಕಟ್ಟೆಯಲ್ಲಿ ಚಪಾತಿ ಲಟ್ಟಿಸಿದರೆ ಭುಜ ಹಿಡಿಯುತ್ತದೆ. 32 ಅಂತ ಫಾರಂನಲ್ಲಿ ಬರೆದು ಸಹಿ ಹಾಕಿಸಿದ್ದೆ. ಹೋಗಿ ನೋಡಿದರೆ ಗ್ರಾನೈಟ್ ಕೂರಿಸಿಬಿಟ್ಟಿದ್ದಾರೆ. ಪರ್ಸಿನಲ್ಲಿದ್ದ ಟೇಪು ತೆಗೆದು ಹಿಡಿದೆ, ಸರಿಯಾಗಿ 34. ಮೇಸ್ತ್ರಿ "ಬಟ್ಟೆ ಟೇಪು ಮೇಡಂ, ಎಳೆದು ಹೋಗಿರುತ್ತೆ" ಅಂದ. ಎಳೆದುಹೋದ ಟೇಪು ಎತ್ತರವನ್ನು ಕಮ್ಮಿ ತೋರಿಸುತ್ತದೆಯೇ ಹೊರತು ಜಾಸ್ತಿ ತೋರಿಸುವುದಿಲ್ಲ! ಅವರ ಸ್ಟೀಲ್ ಟೇಪಿನಲ್ಲೂ 34 ಬಂತು. ಸಹಿ ಮಾಡಿದ ಹಾಳೆ ತೋರಿಸಿದೆ. ಇಂಜಿನಿಯರ್ ಒಂದು ಮಾತೂ ಆಡದೆ ಕಲ್ಲು ಎತ್ತಿಸಿ, ಕೆಳಗಿನ ಗೋಡೆ ಇಳಿಸಿ ಮತ್ತೆ ಕೂರಿಸಿದರು. ದುಡ್ಡು ಕೇಳಲಿಲ್ಲ. ಬಾಯಿಮಾತಲ್ಲಿ ಹೇಳಿದ್ದರೆ ಇವತ್ತಿಗೂ ನಾನು ಮಣೆ ಹಾಕಿಕೊಂಡು ನಿಲ್ಲಬೇಕಿತ್ತು.

ಟೈಲ್ಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಗ್ರಿಮೆಂಟ್‌ನಲ್ಲಿ ಚದರ ಅಡಿಗೆ 55 ರೂಪಾಯಿ ಅಂತ ಇತ್ತು. ಅದಕ್ಕಿಂತ ಮೇಲಿನದು ಆರಿಸಿದರೆ ವ್ಯತ್ಯಾಸ ನಮ್ಮದು. ಶೋರೂಮಿನಲ್ಲಿ 55ರ ಮಾಲು ಹಿಂದಿನ ಮೂಲೆಯಲ್ಲಿರುತ್ತದೆ, ಮುಂದೆ ಲೈಟ್ ಹಾಕಿ ಇಟ್ಟಿದ್ದೆಲ್ಲ 90, 120. ನಾವು ಮೂಲೆಗೇ ಹೋದೆವು. ಡಬ್ಬಗಳ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿಕೊಳ್ಳಿ. ಬೇರೆ ಬ್ಯಾಚ್ ಸೇರಿದರೆ ಬೇರೆ ಥಾನಿನ ಬಟ್ಟೆಯಲ್ಲಿ ತೋಳು ಹೊಲಿದ ಹಾಗೆ ಕಾಣುತ್ತದೆ. ಎರಡು ಡಬ್ಬ ಮಿಕ್ಕಿಸಿ ಮನೆಯಲ್ಲೇ ಇಟ್ಟುಕೊಳ್ಳಿ.

ಈಗ ತಕರಾರು. ಸೇರಿಸಿದ್ದಕ್ಕೆ ಇವರ ಹತ್ತಿರ ರೇಟ್ ಇದೆ, ಬಿಟ್ಟಿದ್ದಕ್ಕೆ ಇಲ್ಲ. ಮಹಡಿ ರೂಮಿನ ವಾರ್ಡ್‌ರೋಬ್ ಬೇಡ ಅಂದೆವು, ನಮ್ಮ ಹತ್ತಿರ ಅತ್ತೆಯ ತೇಗದ ಬೀರು ಇತ್ತು. ಮೇಲಿನ ಬಾತ್‌ರೂಮಿನ ಗಾಜಿನ ಪಾರ್ಟಿಷನ್ ಬೇಡ ಅಂದೆವು. ಇದೇ ವಾರ್ಡ್‌ರೋಬ್ ಇನ್ನೊಂದು ಹೆಚ್ಚಿಗೆ ಬೇಕು ಅಂದ ಪಕ್ಕದವರಿಗೆ 68,000 ಬಿಲ್ ಹಾಕಿದ್ದರು. ನಮಗೆ ಕಳೆದಿದ್ದು 22,000! ಯಾಕೆ ಅಂದರೆ "ನಮಗೆ ಬೀಳುವ ಖರ್ಚು ಅಷ್ಟೇ" ಅಂದರು. ಗಾಜಿಗೆ ಒಂದು ಪೈಸೆ ಕಳೆಯಲಿಲ್ಲ. ನಾಲ್ಕು ಸಲ ಕೇಳಿ ಕೊನೆಗೆ 30,000ಕ್ಕೆ ತಂದು ನಿಲ್ಲಿಸಿದೆವು. ನೀವು ಹೋಗುವುದಾದರೆ ಅಗ್ರಿಮೆಂಟ್‌ಗೆ ಮೊದಲೇ ಬಿಡುವ ಸಾಮಾನಿನ ರೇಟನ್ನೂ ಬರೆಸಿಕೊಳ್ಳಿ. ಸಹಿ ಆದಮೇಲೆ ಅವರಿಗೆ ಅವಸರ ಇರುವುದಿಲ್ಲ.

ಎಕ್ಸ್‌ಟ್ರಾ ಕೆಲಸದ ಪ್ರತಿ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ "ಇದರಿಂದ ಮನೆ ಒಪ್ಪಿಸುವ ದಿನಾಂಕ ಮುಂದೆ ಹೋಗಬಹುದು" ಅಂತ ಇರುತ್ತದೆ. ಎಷ್ಟು ದಿನ ಅನ್ನೋ ಜಾಗ ಖಾಲಿ. ಯಜಮಾನರು ಪ್ರತಿ ಹಾಳೆಯಲ್ಲೂ ಅದನ್ನು ತುಂಬಿಸಿಯೇ ಸಹಿ ಹಾಕಿದರು. ಬಹಳಷ್ಟಕ್ಕೆ ಅವರೇ ಸೊನ್ನೆ ಬರೆದರು. ಆಮೇಲೆ ಮಳೆಗೆ ಕೆಲಸ ನಿಂತು ತಡ ಆದಾಗ "ನಿಮ್ಮ ಎಕ್ಸ್‌ಟ್ರಾದಿಂದ" ಅನ್ನೋಕೆ ಬಾಯಿ ಬರಲಿಲ್ಲ. ತಡಕ್ಕೆ ಬಡ್ಡಿ ಕೊಡಬೇಕು ಅನ್ನೋದು ರೇರಾದಲ್ಲಿದೆ. ಅದನ್ನು ನೆನಪಿಸಿದಾಗ ಕಾಂಪೌಂಡ್ ಗೇಟಿನ ದುಡ್ಡು ಬಿಟ್ಟುಕೊಟ್ಟರು. ನಾವೂ ಅಲ್ಲಿಗೆ ಮುಗಿಸಿದೆವು.

ಬ್ಯಾಂಕಿನವರು ಸಾಲ ಕೊಡುವುದು ಅಗ್ರಿಮೆಂಟ್ ಬೆಲೆಯ ಮೇಲೆ. ನಮ್ಮ ಬ್ಯಾಂಕು ಎಕ್ಸ್‌ಟ್ರಾ ಹಾಳೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಮ್ಮ ಬದಲಾವಣೆಯೆಲ್ಲ ಸೇರಿ 1.9 ಲಕ್ಷ ಆಯಿತು, ಅಷ್ಟೂ ಚೀಟಿ ಎತ್ತಿ ಕಟ್ಟಿದ್ದು. ಪಕ್ಕದ ಮನೆಯವರು ಫಾಲ್ಸ್ ಸೀಲಿಂಗು, ಇಟಾಲಿಯನ್ ಮಾರ್ಬಲ್ಲು ಅಂತ 9 ಲಕ್ಷ ದಾಟಿಸಿದರು. ಅವರ ಅಡುಗೆ ಕಟ್ಟೆ ಮಾತ್ರ 34 ಇಂಚೇ ಇದೆ.

ಮನೆ ಹೊರಗಿನಿಂದಲೂ ನಮ್ಮದೇ ಥರ ಕಾಣಬೇಕು, ಹೆಂಚಿನ ಮಾಡು ಬೇಕು, ಜಗುಲಿ ಬೇಕು ಅನ್ನುವವರು ಸೈಟ್ ತೆಗೆದುಕೊಂಡು ಮೇಸ್ತ್ರಿ ಹಿಡಿಯುವುದೇ ವಾಸಿ. ಇವರು ಅದನ್ನು ಮಾಡಿಕೊಡುವುದಿಲ್ಲ. ಮರಳು, ಸಿಮೆಂಟು ಅಂತ ಓಡಾಡಲು ಪುರುಸೊತ್ತಿಲ್ಲ, ಆದರೆ ಮನೆಯ ಒಳಗೆ ಯಾರು ಎಲ್ಲಿ ಕೂರುತ್ತಾರೆ, ಏನು ಕೆಲಸ ಮಾಡುತ್ತಾರೆ ಅಂತ ಸರಿಯಾಗಿ ಗೊತ್ತಿರುವವರಿಗೆ ಧಾರಾಳವಾಗಿ ಹೇಳುತ್ತೇನೆ, ಹೋಗಿ. ಐದಕ್ಕೆ ನಾಲ್ಕು. ಆ ಇನ್ನೊಂದು ಮಾರ್ಕು ಗಾಜಿನ ಪಾರ್ಟಿಷನ್ ದುಡ್ಡು ಕಳೆದ ದಿನ ಕೊಡುತ್ತೇನೆ.