ಒಂಟಿ ಮನೆಯೋ, ಕೂಡು ಮನೆಯೋ?
ಮನೆ ಕಟ್ಟಿ ಸಂಸಾರ ನಡೆಸುವ ಹೊಸ ಗೇಮ್‌ಗಾಗಿ ಕಾಯುತ್ತಿರುವ ಹುಬ್ಬಳ್ಳಿಯ ನಮ್ಮ ಗೆಳೆಯರಲ್ಲಿ ಎರಡು ಬಣಗಳಾಗಿವೆ. ಬೇಕಾದವರಿಗೆ ಮಲ್ಟಿಪ್ಲೇಯರ್, ಅಂದರೆ ಹಲವರು ಕೂಡಿ ಆಡುವ ಸೌಲಭ್ಯ, ಇರಲಿ ಎಂಬುದು ಒಂದು, ಅದರ ಗಾಳಿಯೂ ಸೋಕಬಾರದು ಎಂಬುದು ಇನ್ನೊಂದು.

ಒಬ್ಬರೇ ಆಡಿದರೆ ಕಾಲ ನಮ್ಮ ಕೈಯಲ್ಲಿರುತ್ತದೆ. ಮನೆ ಕಟ್ಟಿ ಸಂಸಾರ ನಡೆಸುವ ‘ದಿ ಸಿಮ್ಸ್ 4’ ಗೇಮ್‌ನಲ್ಲಿ ಆಟದ ಕಾಲವನ್ನು ತಡೆದು ನಿಲ್ಲಿಸಿ, ಅಡುಗೆಮನೆಯ ಒಂದು ಗೋಡೆಯ ಬಣ್ಣಕ್ಕೇ ಅರ್ಧ ತಾಸು ಕೊಡಬಹುದು. ನನಗೆ ಅದು ಬಹಳ ಇಷ್ಟ.

2016ರ ಬೇಸಾಯದ ಗೇಮ್ ‘ಸ್ಟಾರ್‌ಡ್ಯೂ ವ್ಯಾಲಿ’ಗೆ 2018ರಲ್ಲಿ ಮಲ್ಟಿಪ್ಲೇಯರ್ ಸೇರಿತು. ಕೂಡಿ ಆಡುವಾಗ ಅಲ್ಲಿ ಚೀಲ ತೆರೆದರೂ ಗಡಿಯಾರ ಓಡುತ್ತಲೇ ಇರುತ್ತದೆ. ನಾವು ಬೇಗ ಮಲಗಿದರೂ ಉಳಿದವರು ಹಾಸಿಗೆ ಸೇರುವವರೆಗೆ ಕಾಯಬೇಕು. ಆದರೂ ಧಾರವಾಡದ ತಂಗಿ ಬೆಳೆಗೆ ನೀರುಣಿಸುತ್ತಿರುವಾಗ, ನಾನು ಇಲ್ಲಿ ಕುಳಿತು ಗಣಿಗೆ ಇಳಿದು ಅವಳಿಗಾಗಿ ತಾಮ್ರ ತಂದ ಸಂಜೆಗಳಿಗೆ ಸಾಟಿಯಿಲ್ಲ. ಒಂಟಿಯಾಗಿ ಆಡುವವರ ಹೊಲಕ್ಕೆ ಇದರಿಂದ ಕಿಂಚಿತ್ತೂ ಧಕ್ಕೆಯಾಗಲಿಲ್ಲ.

ಒಬ್ಬರೇ ಆಡಲೂ ಇಂಟರ್ನೆಟ್ ಕಡ್ಡಾಯವಾದೀತು ಎಂಬ ವಿರೋಧಿಗಳ ಭಯ ಸುಳ್ಳಲ್ಲ. 2013ರ ನಗರ ಕಟ್ಟುವ ಗೇಮ್ ‘ಸಿಮ್‌ಸಿಟಿ’ಯನ್ನು ಒಬ್ಬರೇ ಆಡಲೂ ಇಂಟರ್ನೆಟ್ ಬೇಕಿತ್ತು, ಆಫ್‌ಲೈನ್ ಸೌಲಭ್ಯ ಬಂದದ್ದು 2014ರಲ್ಲಿ. ಆದ್ದರಿಂದ ಕೊಳ್ಳುವ ಮುನ್ನ ಒಂದನ್ನು ನೋಡಿ: ವೈಫೈ ಆಫ್ ಮಾಡಿದ ಮೇಲೂ ನಿಮ್ಮ ಮನೆಯ ಬಾಗಿಲು ತೆರೆಯುತ್ತದೆಯೇ? ತೆರೆದರೆ, ನಾನು ಮಲ್ಟಿಪ್ಲೇಯರ್ ಇರುವುದನ್ನೇ ಆರಿಸುತ್ತೇನೆ.